ಖಾತ್ರಿಯಿಂದ ಬರೆದ ತಪ್ಪು ಉತ್ತರ

(ಬೆಳಗಾವಿಯಲ್ಲಿ ವೈದ್ಯಕೀಯ ಮತ್ತು ಪಶುವೈದ್ಯಕೀಯ ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿದಾಗ ನಮ್ಮ ವಿದ್ಯಾರ್ಥಿಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋದರು. ಒಬ್ಬ ಅಥಣಿಗೆ, ಒಬ್ಬಳು ಸಿಂದಗಿಗೆ, ಇನ್ನೊಬ್ಬ ಖಾನಾಪುರದ ಕಾಡಂಚಿನ ಹಳ್ಳಿಗೆ. ಮಳೆಗಾಲ ಶುರುವಾಗುವ ಹೊತ್ತಿಗೆ ನಾವು ಮೊಬೈಲ್‌ನಲ್ಲೇ ಪರೀಕ್ಷೆ ಇಟ್ಟೆವು. ಖಾನಾಪುರದ ಹುಡುಗನ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಅವನು ಊರಾಚೆಯ ದಿನ್ನೆ ಹತ್ತಿ, ತಂಗಿಯ ಕೈಗೆ ಕೊಡೆ ಕೊಟ್ಟು, ಅದರ ಕೆಳಗೆ ಕೂತು ಉತ್ತರ ಒತ್ತಿದ. ಇದನ್ನು ಅವನು ನನಗೆ ಹೇಳಿದ್ದು ಎಷ್ಟೋ ತಿಂಗಳಾದ ಮೇಲೆ.

ಫಲಿತಾಂಶ ನೋಡಿ ನಮಗೆಲ್ಲ ಖುಷಿಯಾಯಿತು. ಯಾವ ವರ್ಷವೂ ಬರದಷ್ಟು ಒಳ್ಳೆಯ ಅಂಕ. ಆಮೇಲೆ ಕಾಲೇಜು ತೆರೆಯಿತು. ವಾರ್ಡಿನಲ್ಲಿ ಕ್ರಿಮಿನಾಶಕ ಕುಡಿದ ಒಬ್ಬ ರೈತ ಮಲಗಿದ್ದ. ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ನಡೆಯುತ್ತಿತ್ತು. ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಸರಿಯಾಗಿ ‘ಅಟ್ರೋಪಿನ್’ ಎಂದು ಉತ್ತರಿಸಿದ್ದ ಹುಡುಗಿಗೆ ಕೇಳಿದೆ: ‘ಎಷ್ಟರ ತನಕ ಕೊಡಬೇಕಮ್ಮ? ಸಾಕು ಅಂತ ಹೇಗೆ ಗೊತ್ತಾಗುತ್ತೆ?’ ಅವಳು ರೋಗಿಯ ಕಣ್ಣಿನ ಪಾಪೆ ನೋಡಿದಳು. ಎದೆಗೆ ಸ್ಟೆತಸ್ಕೋಪ್ ಇಡಲಿಲ್ಲ. ಪಾಪೆ ಅಗಲವಾಯಿತು ಅಂತ ನಿಲ್ಲಿಸುವ ಔಷಧ ಅಲ್ಲ ಅದು. ಎದೆಯೊಳಗಿನ ಗೊರಗೊರ ಒಣಗಬೇಕು, ನಾಡಿ ಏರಬೇಕು, ರಕ್ತದೊತ್ತಡ ಸರಿಯಾದ ಮಟ್ಟಕ್ಕೆ ಬರಬೇಕು. ಅವಳು ಓದಿರಲಿಲ್ಲ ಅಂತಲ್ಲ. ನಾವು ಅದನ್ನು ಕೇಳಿರಲೇ ಇಲ್ಲ. ‘ಇಂಥ ವಿಷಕ್ಕೆ ಮದ್ದು ಯಾವುದು?’ ಅಂತ ಕೇಳಿದ್ದೆವು. ಪುಸ್ತಕ ತೆರೆದಿದ್ದರೆ ಅರ್ಧ ನಿಮಿಷದಲ್ಲಿ ಸಿಗುವ ಉತ್ತರ ಅದು.

ಅಂದರೆ ನಾವು ಮಾಡಿದ್ದು ಇಷ್ಟೇ: ಕಾಗದದ ಮೇಲಿದ್ದ ಪ್ರಶ್ನೆಪತ್ರಿಕೆಯನ್ನು ಎತ್ತಿ ಮೊಬೈಲ್‌ಗೆ ಹಾಕಿದೆವು. ಅಷ್ಟಕ್ಕೆ ಆನ್‌ಲೈನ್ ಪರೀಕ್ಷೆ ಅಂತ ಹೆಸರಿಟ್ಟೆವು. ಆವತ್ತಿನಿಂದ ಇವತ್ತಿನ ತನಕ ನಾನು ಇದರ ಹಿಂದೆ ಬಿದ್ದಿದ್ದೇನೆ. ನಾನು ಫಾರ್ಮಕಾಲಜಿ, ಅಂದರೆ ಔಷಧಶಾಸ್ತ್ರ ಕಲಿಸುವವಳು. ನನ್ನ ತಮ್ಮ ಇಂಡಿ ಕಡೆ ಪಶುವೈದ್ಯ. ಹಾಗಾಗಿ ಈ ಕೋಣೆಯಲ್ಲಿ ಕೂತ ಎರಡೂ ಕಡೆಯವರ ಮಾತು ನಮ್ಮ ಮನೆಯ ಊಟದ ಹೊತ್ತಿನಲ್ಲಿ ದಿನಾ ನಡೆಯುತ್ತದೆ.

ಆನ್‌ಲೈನ್ ಪರೀಕ್ಷೆ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಅಂಕ, ರ‍್ಯಾಂಕ್, ಕಾಪಿ ತಡೆಯುವುದು. ಹಾಗೆ ಬರುವುದು ಸಹಜ. ನಮ್ಮ ಹುಡುಗರ ಮುಂದಿರುವ ನೀಟ್ ಪಿಜಿ, ಅಂದರೆ ಸ್ನಾತಕೋತ್ತರ ವೈದ್ಯಕೀಯ ಪ್ರವೇಶ ಪರೀಕ್ಷೆ ನೋಡಿ: ಕಂಪ್ಯೂಟರ್ ಮುಂದೆ ಮೂರೂವರೆ ಗಂಟೆ, 200 ಪ್ರಶ್ನೆ, ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಅದರ ಕೆಲಸ ಆರಿಸುವುದು. ಕಾಲೇಜಿನೊಳಗಿನ ಪರೀಕ್ಷೆಯ ಕೆಲಸ ಅದಲ್ಲ. ಹುಡುಗ ಎಲ್ಲಿ ತಪ್ಪು ತಿಳಿದುಕೊಂಡಿದ್ದಾನೆ ಅನ್ನುವುದು ರೋಗಿಯ ಹತ್ತಿರ ಹೋಗುವ ಮುಂಚೆ, ದನದ ಹತ್ತಿರ ಹೋಗುವ ಮುಂಚೆ ನಮಗೆ ಗೊತ್ತಾಗಬೇಕು. 150, 200 ಮಂದಿಯ ತರಗತಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಕೇಳಿ ತಿಳಿಯಲು ಆಗುವುದಿಲ್ಲ. ಈ ಯಂತ್ರ ನಮಗೆ ಬೇಕಾಗಿರುವುದು ಅದಕ್ಕೇ.

ಇನ್ನೊಂದು ಲಾಭವೂ ಇದೆ. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಪರೀಕ್ಷೆ ಅಳೆಯುವುದಷ್ಟೇ ಅಲ್ಲ, ಕಲಿಸುತ್ತದೆ ಕೂಡ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಒಂದೇ ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಮೂರು ಸಲ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ಶೇಕಡ 40ರಷ್ಟು, ಬರೆದವರಿಗೆ ಶೇಕಡ 61ರಷ್ಟು. ಪರೀಕ್ಷೆಯ ಹಿಂದಿನ ರಾತ್ರಿ ನಮ್ಮ ಹಾಸ್ಟೆಲ್‌ನಲ್ಲಿ ಏನು ನಡೆಯುತ್ತದೆ ಅಂತ ನೆನಪು ಮಾಡಿಕೊಳ್ಳಿ. ಅದೇ ಪುಟ, ಅದೇ ಹಳದಿ ಗೆರೆ, ಮತ್ತೆ ಮತ್ತೆ. ಅದರ ಬದಲು ವಾರಕ್ಕೊಮ್ಮೆ ಹತ್ತು ನಿಮಿಷದ ಐದು ಪ್ರಶ್ನೆ, ಅದೇ ವಿಷಯದ ಪ್ರಶ್ನೆ ತಿಂಗಳು ಬಿಟ್ಟು ಬೇರೆ ವೇಷದಲ್ಲಿ ಇನ್ನೊಮ್ಮೆ. ಕಾಗದದಲ್ಲಿ ಇದನ್ನು ಮಾಡಲು ಹೋದರೆ ತಿದ್ದುವುದರಲ್ಲೇ ನಮ್ಮ ಜೀವ ಹೋಗುತ್ತದೆ. ಕಂಪ್ಯೂಟರ್ ಆ ಭಾರ ಹೊರುತ್ತದೆ.

ಈಗ ಪ್ರಶ್ನೆಯ ವಿಷಯಕ್ಕೆ ಬರುತ್ತೇನೆ. ನನಗೆ ಜಾಸ್ತಿ ಹೇಳಬೇಕೆನಿಸುವುದು ಇಲ್ಲೇ.

ಒಂದು ವರ್ಷ ಮಳೆ ಕೈಕೊಟ್ಟಿತ್ತು. ತಮ್ಮ ಫೋನ್ ಮಾಡಿದ. ‘ಅಕ್ಕಾ, ನಿನ್ನ ಹುಡುಗೂರಿಗೆ ಒಂದು ಪ್ರಶ್ನಿ ಕೇಳ್ತೀ ಏನು?’ ಅಂದ. ಅವತ್ತು ಬೆಳಿಗ್ಗೆ ಒಬ್ಬ ರೈತನ ಎರಡು ಎತ್ತು ಬಿದ್ದಿದ್ದವು. ಜೋಳ ಕೊಯ್ದ ಹೊಲ. ಕೂಳೆ ಚಿಗುರಿತ್ತು, ನೀರಿಲ್ಲದೆ ಗೇಣುದ್ದಕ್ಕೇ ನಿಂತಿತ್ತು. ಎತ್ತು ಹಗ್ಗ ಬಿಚ್ಚಿಕೊಂಡು ಹೋಗಿ ಮೇಯ್ದಿವೆ. ಅರ್ಧ ಗಂಟೆಯೊಳಗೆ ಬಾಯಲ್ಲಿ ಜೊಲ್ಲು, ಏದುಸಿರು, ಕಾಲು ತಡವರಿಸಿ ಬಿದ್ದಿವೆ. ರೈತ ಕೈಮುಗಿದು ನಿಂತಿದ್ದ. ‘ಸಾಹೇಬ್ರ, ಮುಂಜಾನೆ ಛಲೋ ಇದ್ದೂರಿ’ ಅಂದನಂತೆ. ತಮ್ಮ ಎತ್ತಿನ ತುಟಿ ಬಿಡಿಸಿ ವಸಡು ನೋಡಿದ. ಕೆಂಪಗೆ, ದಾಸವಾಳದ ಹಾಗೆ ಹೊಳೆಯುತ್ತಿತ್ತು.

ಉಸಿರಿಗೆ ಒದ್ದಾಡುವ ಪ್ರಾಣಿಯ ವಸಡು ನೀಲಿಗಟ್ಟಬೇಕು. ಇದು ಯಾಕೆ ಕೆಂಪು? ಪಶುವೈದ್ಯಕೀಯದವರಿಗೆ ಉತ್ತರ ಆಗಲೇ ಹೊಳೆದಿರುತ್ತದೆ. ಎಳೆ ಜೋಳದಲ್ಲಿ, ಅದರಲ್ಲೂ ಬರಕ್ಕೆ ಸಿಕ್ಕಿ ಕುಗ್ಗಿದ ಜೋಳದಲ್ಲಿ, ಸಯನೈಡ್ ಬಿಡುಗಡೆ ಮಾಡುವ ವಸ್ತು ಹೆಚ್ಚಿರುತ್ತದೆ. ಸಯನೈಡ್ ಜೀವಕೋಶದ ಉಸಿರು ಕಟ್ಟಿಸುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದೆ, ಆದರೆ ಕೋಶ ಅದನ್ನು ತಗೊಳ್ಳಲಾರದು. ತಗೊಳ್ಳದೆ ಉಳಿದ ಆಮ್ಲಜನಕವೇ ಆ ಕೆಂಪು. ತಮ್ಮ ಮೊದಲು ಸೋಡಿಯಂ ನೈಟ್ರೈಟ್, ಆಮೇಲೆ ಸೋಡಿಯಂ ಥಯೋಸಲ್ಫೇಟ್ ರಕ್ತನಾಳಕ್ಕೆ ಕೊಟ್ಟ. ಒಂದು ಎತ್ತು ಎದ್ದಿತು, ಒಂದು ಉಳಿಯಲಿಲ್ಲ.

ನಾನು ಇಪ್ಪತ್ತು ವರ್ಷದಿಂದ ಎಂಬಿಬಿಎಸ್ ಹುಡುಗರಿಗೆ ಇದೇ ಎರಡು ಔಷಧ ಹೇಳಿಕೊಡುತ್ತಿದ್ದೇನೆ. ನನ್ನ ಹಳೆಯ ಪ್ರಶ್ನೆ ಹೀಗಿತ್ತು: ‘ಸಯನೈಡ್ ವಿಷಕ್ಕೆ ಕೊಡುವ ಔಷಧ ಯಾವುದು?’ ಅದನ್ನು ಬಿಟ್ಟೆ. ಹೊಸ ಪ್ರಶ್ನೆಯಲ್ಲಿ ‘ಸಯನೈಡ್’ ಅನ್ನುವ ಮಾತೇ ಇಲ್ಲ. ಕೂಳೆ ಜೋಳ ಇದೆ, ಅರ್ಧ ಗಂಟೆ ಇದೆ, ಕೆಂಪು ವಸಡು ಇದೆ. ಆಯ್ಕೆಗಳಲ್ಲಿ ಅಟ್ರೋಪಿನ್ ಇದೆ, ಮೆಥಿಲೀನ್ ಬ್ಲೂ ಇದೆ, ಕ್ಯಾಲ್ಸಿಯಂ ಇದೆ, ನೈಟ್ರೈಟ್ ಮತ್ತು ಥಯೋಸಲ್ಫೇಟ್ ಇದೆ. ಮೆಥಿಲೀನ್ ಬ್ಲೂ ಬೇಕಂತಲೇ ಹಾಕಿದ್ದು. ಮೇವಿನಲ್ಲಿ ನೈಟ್ರೇಟ್ ಜಾಸ್ತಿಯಾಗಿ ವಿಷವಾದರೆ ಅದೇ ಮದ್ದು. ಆದರೆ ಆಗ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗಿರುತ್ತದೆ. ‘ಮೇವಿನ ವಿಷ’ ಅಂತ ಮಾತ್ರ ತಲೆಯಲ್ಲಿಟ್ಟುಕೊಂಡವನು ಮೆಥಿಲೀನ್ ಬ್ಲೂ ಒತ್ತುತ್ತಾನೆ. ಬಣ್ಣ ನೋಡಿ ಯೋಚಿಸಿದವನು ಒತ್ತುವುದಿಲ್ಲ. ಪ್ರತಿ ತಪ್ಪು ಆಯ್ಕೆಯ ಹಿಂದೆ ಇಂಥ ಒಂದು ತಪ್ಪು ಯೋಚನೆ ಇರಬೇಕು. ಸುಮ್ನೆ ಜಾಗ ತುಂಬಿಸಲು ಹಾಕಿದ ನಾಲ್ಕನೇ ಆಯ್ಕೆಯಿಂದ ನಮಗೆ ಏನೂ ಗೊತ್ತಾಗುವುದಿಲ್ಲ.

ನಾನು ಪ್ರಶ್ನೆ ಬರೆದ ಮೇಲೆ ಆಯ್ಕೆಗಳನ್ನು ಕೈಯಿಂದ ಮುಚ್ಚಿ ಓದುತ್ತೇನೆ. ಆಯ್ಕೆ ನೋಡದೆ ಉತ್ತರ ಹೇಳಲು ಬಂದರೆ ಪ್ರಶ್ನೆ ಸರಿಯಾಗಿದೆ. ‘ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ?’ ಅನ್ನುವಂಥದ್ದು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಅಂಥವನ್ನು ಬಿಟ್ಟುಬಿಡಿ. ಉತ್ತರ ಒತ್ತಿದ ಮೇಲೆ ಪ್ರತಿ ಆಯ್ಕೆಗೂ ಎರಡು ಸಾಲಿನ ವಿವರಣೆ ಬರಲಿ: ಇದು ಯಾಕೆ ಸರಿ, ಅದು ಯಾಕೆ ಅಲ್ಲ. ಬರೆಯಲು ಶ್ರಮ ಇದೆ, ಒಪ್ಪುತ್ತೇನೆ. ಆದರೆ ತಪ್ಪು ಮಾಡಿದ ಆ ಕ್ಷಣದಲ್ಲಿ ಹುಡುಗನ ಕಿವಿ ತೆರೆದಿರುತ್ತದೆ. ಮೂರು ವಾರದ ಮೇಲೆ ನೋಟಿಸ್ ಬೋರ್ಡಿನಲ್ಲಿ ಅಂಕ ಹಚ್ಚಿದರೆ ಆ ಕಿವಿ ಮುಚ್ಚಿಹೋಗಿರುತ್ತದೆ.

ಕಾಗದಕ್ಕೆ ಆಗದ ಒಂದು ಕೆಲಸ ಆನ್‌ಲೈನ್‌ಗೆ ಆಗುತ್ತದೆ. ಅದು ದನಿ ಮತ್ತು ವಿಡಿಯೋ. ನಾವು ಇದನ್ನು ತೀರಾ ಕಡಿಮೆ ಬಳಸುತ್ತಿದ್ದೇವೆ.

ನಮ್ಮ ಪ್ರಶ್ನೆಪತ್ರಿಕೆಯಲ್ಲಿ ರೋಗಿ ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ಅವನಿಗೆ ಪ್ಯಾರೆಸ್ತೀಸಿಯ (ಜುಮುಗುಟ್ಟುವುದು) ಇರುತ್ತದೆ, ಡಿಸ್ಪ್ನಿಯ (ಉಸಿರಾಟದ ತೊಂದರೆ) ಇರುತ್ತದೆ. ಹೊರಗೆ ಓಪಿಡಿಗೆ ಬಂದ ಅಜ್ಜಿಗೆ ‘ಕಾಲಾಗ ಇರಿವಿ ಹರದಾಡಿದಂಗ ಆಗತೈತ್ರಿ’ ಇರುತ್ತದೆ, ‘ಸಂಕಟ ಆಗಾಕತ್ತೈತ್ರಿ’ ಇರುತ್ತದೆ. ಇಲ್ಲಿ ಬೆಳಗಾವಿಯಲ್ಲಿ ಅದೇ ಅಜ್ಜಿ ಅರ್ಧ ಮಾತು ಮರಾಠಿಯಲ್ಲಿ ಹೇಳುತ್ತಾಳೆ. ಪಶು ಆಸ್ಪತ್ರೆಗೆ ಬಂದವನು ‘ಎಮ್ಮಿ ಮೆಲಕ ಹಾಕವಲ್ದರಿ’ ಅನ್ನುತ್ತಾನೆ. ಬೆಂಗಳೂರಿನಿಂದಲೋ ಕೇರಳದಿಂದಲೋ ಬಂದ ವಿದ್ಯಾರ್ಥಿ ತಬ್ಬಿಬ್ಬಾಗುತ್ತಾನೆ. ನಮ್ಮೂರಿನ ಹುಡುಗನಿಗೆ ಮಾತು ತಿಳಿಯುತ್ತದೆ. ಆದರೆ ಆ ಮಾತನ್ನು ಪುಸ್ತಕದ ಲಕ್ಷಣಕ್ಕೆ ಜೋಡಿಸಲು ಅವನಿಗೂ ಯಾರೂ ಕಲಿಸಿಲ್ಲ.

ಹಾಗಾಗಿ ನಾನು ದನಿ ಹಾಕಿದ ಪ್ರಶ್ನೆ ಶುರು ಮಾಡಿದೆ. ಅದರಲ್ಲಿ ಒಂದನ್ನು ಹೇಳುತ್ತೇನೆ. ಇಪ್ಪತ್ತು ಸೆಕೆಂಡಿನ ದನಿ: ‘ರಾತ್ರಿ ಹೊಲದಾಗ ನೆಲದ ಮ್ಯಾಲ ಮಲಗಿದ್ನಿರಿ. ನಸಿಕಿನ್ಯಾಗ ಹೊಟ್ಟಿ ಭಾಳ ನೋಯಾಕತ್ತು. ಈಗ ಕಣ್ಣ ತೆರಿಯಾಕ ಆಗವಲ್ತರಿ.’ ಜೊತೆಗೆ ಎರಡೂ ರೆಪ್ಪೆ ಜೋತುಬಿದ್ದ ಕಣ್ಣಿನ ಚಿತ್ರ. ಕಾಲಲ್ಲಿ ಗಾಯ ಇಲ್ಲ, ಬಾವು ಇಲ್ಲ. ‘ಈಗ ಏನು ಮಾಡುತ್ತೀರಿ?’ ಹೊಟ್ಟೆನೋವು ಕೇಳಿಸಿದ ಕೂಡಲೇ ಹೊಟ್ಟೆಯ ಸ್ಕ್ಯಾನ್ ಆರಿಸಿದವರು ಬಹಳ. ಅದು ಕಟ್ಟುಹಾವಿನ ಕಡಿತ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯುತ್ತದೆ, ಗುರುತು ಕೂಡ ಕಾಣದೆ ಹೋಗಬಹುದು. ಉಸಿರಾಟ ನಿಲ್ಲುವ ಮುಂಚೆ ಹಾವಿನ ವಿಷದ ಮದ್ದು ಕೊಡಬೇಕು, ಉಸಿರಿಗೆ ಆಸರೆ ಕೊಡಲು ತಯಾರಿರಬೇಕು. ಬರೆದ ಪ್ರಶ್ನೆಯಾಗಿದ್ದರೆ ‘ಟೋಸಿಸ್’ (ರೆಪ್ಪೆ ಜೋತುಬೀಳುವುದು) ಅನ್ನುವ ಪದವೇ ಉತ್ತರವನ್ನು ಬಿಟ್ಟುಕೊಡುತ್ತಿತ್ತು. ಇಲ್ಲಿ ಅವರೇ ನೋಡಬೇಕು, ಅವರೇ ಕೇಳಬೇಕು.

ಪಶುವೈದ್ಯಕೀಯದಲ್ಲಿ ಇದಕ್ಕೆ ಇನ್ನೂ ಬೆಲೆ ಜಾಸ್ತಿ. ನಿಮ್ಮ ರೋಗಿ ಮಾತಾಡುವುದೇ ಇಲ್ಲ. ಕುಂಟುವ ಎತ್ತಿನ ನಡಿಗೆಯನ್ನು ನಾಲ್ಕು ಸಾಲಲ್ಲಿ ಬರೆಯಲು ಆಗುತ್ತದಾ? ಹದಿನೈದು ಸೆಕೆಂಡಿನ ವಿಡಿಯೋ ಸಾಕು. ವಿಡಿಯೋ ತೆಗೆಯುವ ಮುಂಚೆ ರೋಗಿಯ, ದನದ ಯಜಮಾನನ ಒಪ್ಪಿಗೆ ತಗೊಳ್ಳಿ. ಮುಖ, ಹೆಸರು, ಊರು ಕಾಣದ ಹಾಗೆ ನೋಡಿಕೊಳ್ಳಿ. ದನಿಯಾದರೆ ನಾನು ಮಾತನ್ನು ಬರೆದುಕೊಂಡು ನಮ್ಮ ಸಿಬ್ಬಂದಿಯಿಂದ ಹೇಳಿಸುತ್ತೇನೆ. ನಮ್ಮ ಲ್ಯಾಬ್ ಅಟೆಂಡರ್ ಕಾಕಾ ಈಗ ನಮ್ಮ ಅರ್ಧ ರೋಗಿಗಳ ದನಿ.

ಈಗ ಇವತ್ತಿನ ಮುಖ್ಯ ಮಾತು. ತಪ್ಪು ಉತ್ತರದಲ್ಲಿ ಎರಡು ಬಗೆ. ಗೊತ್ತಿಲ್ಲದೆ ಒತ್ತಿದ ತಪ್ಪು ಒಂದು. ಖಾತ್ರಿಯಿಂದ ಒತ್ತಿದ ತಪ್ಪು ಇನ್ನೊಂದು. ಗೊತ್ತಿಲ್ಲ ಅಂತ ತಿಳಿದವನು ಹಿರಿಯರನ್ನು ಕೇಳುತ್ತಾನೆ, ಪುಸ್ತಕ ತೆಗೆಯುತ್ತಾನೆ, ದೊಡ್ಡಾಸ್ಪತ್ರೆಗೆ ಕಳಿಸುತ್ತಾನೆ. ಗೊತ್ತಿದೆ ಅಂತ ತಪ್ಪು ತಿಳಿದವನು ಸಿರಿಂಜ್ ಕೈಗೆ ತಗೊಳ್ಳುತ್ತಾನೆ. ನಮ್ಮ ಮಾಮೂಲಿ ಪರೀಕ್ಷೆ ಇಬ್ಬರಿಗೂ ಒಂದೇ ಸೊನ್ನೆ ಹಾಕುತ್ತದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗಾರ್ಡ್ನರ್-ಮೆಡ್ವಿನ್ ಅನ್ನುವ ಶರೀರಕ್ರಿಯಾ ವಿಜ್ಞಾನದ ಅಧ್ಯಾಪಕರು ಇದಕ್ಕೆ ಒಂದು ದಾರಿ ಮಾಡಿದರು. ಉತ್ತರದ ಜೊತೆಗೆ ವಿದ್ಯಾರ್ಥಿ ತನ್ನ ಖಾತ್ರಿಯನ್ನೂ ಒತ್ತಬೇಕು: ಒಂದು, ಎರಡು ಅಥವಾ ಮೂರು. ಉತ್ತರ ಸರಿಯಾದರೆ ಅಷ್ಟೇ ಅಂಕ. ತಪ್ಪಾದರೆ? ಖಾತ್ರಿ ಒಂದು ಅಂದವನಿಗೆ ಕಡಿತ ಇಲ್ಲ. ಎರಡು ಅಂದವನಿಗೆ ಎರಡು ಅಂಕ ಕಡಿತ. ಮೂರು ಅಂದವನಿಗೆ ಆರು ಕಡಿತ. ಆನ್‌ಲೈನ್ ಪಾಠ, ಪರೀಕ್ಷೆ ನಡೆಸುವ ಮೂಡಲ್ ಅನ್ನುವ ತಂತ್ರಾಂಶದಲ್ಲಿ ಈ ವ್ಯವಸ್ಥೆ ಸಿದ್ಧವಾಗೇ ಇದೆ. 2002ರಿಂದ ಇರುವ ತಂತ್ರಾಂಶ ಅದು, ಉಚಿತ. ನಿಮ್ಮಲ್ಲಿ ಹಲವರ ಕಾಲೇಜಿನ ಸರ್ವರ್‌ನಲ್ಲಿ ಈಗಾಗಲೇ ಇದ್ದೀತು.

ನಾನು ಮತ್ತು ತಮ್ಮ ಸೇರಿ, ಅವನ ಗೆಳೆಯರಾದ ಪಶುವೈದ್ಯಕೀಯ ಅಧ್ಯಾಪಕರಿಗೆ ಒಂದು ಪ್ರಶ್ನೆ ಮಾಡಿಕೊಟ್ಟೆವು. ನಿನ್ನೆ ಸಂಜೆ ಚೆನ್ನಾಗಿದ್ದ ಆಕಳು ಬೆಳಿಗ್ಗೆ ಸತ್ತುಬಿದ್ದಿದೆ. ಹೊಟ್ಟೆ ಬೇಗ ಉಬ್ಬಿದೆ. ಮೂಗಿನಿಂದ, ಗುದದಿಂದ ಕಪ್ಪು ರಕ್ತ ಸೋರಿದೆ, ಹೆಪ್ಪುಗಟ್ಟಿಲ್ಲ. ಮಾಲೀಕ ಕಾರಣ ತಿಳಿಯಬೇಕು ಅನ್ನುತ್ತಾನೆ. ಮೊದಲು ಏನು ಮಾಡುತ್ತೀರಿ? ಆಯ್ಕೆಗಳಲ್ಲಿ ಒಂದು, ಮರಣೋತ್ತರ ಪರೀಕ್ಷೆ. ಇನ್ನೊಂದು, ಕಳೇಬರವನ್ನು ಕೊಯ್ಯದೆ ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಸವರುವುದು.

ಅದು ಅಂಥ್ರಾಕ್ಸ್, ನಮ್ಮ ರೈತರು ನೆರಡಿ ಅನ್ನುವುದು. ಕೊಯ್ದರೆ ಗಾಳಿ ತಾಗಿ ಆ ಸೂಕ್ಷ್ಮಾಣು ಬೀಜಾಣುವಾಗುತ್ತದೆ, ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತದೆ. ಕೊಯ್ದವನ ಕೈಗೂ ಅಪಾಯ, ಸುಲಿಯಲು ಬಂದವನಿಗೂ ಅಪಾಯ. ಮರಣೋತ್ತರ ಪರೀಕ್ಷೆ ಅಂತ ಒತ್ತಿದವರು ಕೆಲವರೇ. ಆದರೆ ಅವರಲ್ಲಿ ಹೆಚ್ಚಿನವರು ಖಾತ್ರಿ ಮೂರು ಅಂತ ಒತ್ತಿದ್ದರು. ಆ ಅಧ್ಯಾಪಕರು ನನಗೆ ಫೋನಿನಲ್ಲಿ ಹೇಳಿದರು: ‘ಮೇಡಂ, ಅವರು ದಡ್ಡರಲ್ಲ. ಕಾರಣ ಗೊತ್ತಾಗದೆ ಸತ್ತರೆ ಕೊಯ್ದು ನೋಡಬೇಕು ಅಂತ ನಾನೇ ಕಲಿಸಿದ್ದೆ. ಯಾವಾಗ ಕೊಯ್ಯಬಾರದು ಅಂತ ಅಷ್ಟು ಒತ್ತಿ ಹೇಳಿರಲಿಲ್ಲ.’ ಮರುದಿನ ಅವರು ಆ ಹುಡುಗರನ್ನು ಕೋಣೆಗೆ ಕರೆದು ಕೂರಿಸಿಕೊಂಡು ಮಾತಾಡಿದರು. ಬೈಯಲಿಲ್ಲ, ಅಂಕದ ಮಾತೂ ಎತ್ತಲಿಲ್ಲ. ಆ ಹುಡುಗರಲ್ಲಿ ಒಬ್ಬ ಮುಂದೆ ಹೊಲದಲ್ಲಿ ಚಾಕು ಕೆಳಗಿಟ್ಟರೆ ಆ ಹತ್ತು ನಿಮಿಷ ಸಾರ್ಥಕ.

ಈ ಖಾತ್ರಿ ಪದ್ಧತಿಯನ್ನು ಅಂಕಕ್ಕೆ ಬಳಸಬೇಡಿ ಅಂತ ನನ್ನ ಸಲಹೆ. ಮೈನಸ್ ಆರು ನೋಡಿ ಅಳುವವರಿದ್ದಾರೆ. ಹುಡುಗಿಯರು ಸರಿ ಉತ್ತರ ಗೊತ್ತಿದ್ದೂ ಒಂದು ಅಂತ ಒತ್ತುವುದನ್ನು ನಾನು ನೋಡಿದ್ದೇನೆ. ಅದೂ ನನಗೆ ಬೇಕಾದ ಸುದ್ದಿಯೇ. ಅಂಥವಳನ್ನು ಕರೆದು, ‘ನಿನಗೆ ಗೊತ್ತಿದೆ ಕಣಮ್ಮ, ಧೈರ್ಯ ಮಾಡು’ ಅನ್ನಬೇಕು.

ಪರೀಕ್ಷೆ ಮುಗಿದ ಮರುದಿನ ನಾವು ಫಲಿತಾಂಶ ನೋಡುವ ರೀತಿ ಕೂಡ ಬದಲಾಗಬೇಕು. ನಾವು ಹೆಸರಿನ ಮುಂದೆ ಅಂಕ ನೋಡುತ್ತೇವೆ. ಅದನ್ನು ಅಡ್ಡಡ್ಡ ಓದುವ ಬದಲು ಉದ್ದುದ್ದ ಓದಿ, ಪ್ರಶ್ನೆಯಿಂದ ಪ್ರಶ್ನೆಗೆ. 100 ಮಂದಿ ಬರೆದರು ಅಂತಿಟ್ಟುಕೊಳ್ಳಿ. ಒಟ್ಟು ಅಂಕದಲ್ಲಿ ಮೇಲಿನ 27 ಮಂದಿ, ಕೆಳಗಿನ 27 ಮಂದಿಯನ್ನು ಬೇರೆ ಮಾಡಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 20 ಮಂದಿ ಸರಿ, ಕೆಳಗಿನವರಲ್ಲಿ 8 ಮಂದಿ ಸರಿ. ವ್ಯತ್ಯಾಸ 12, ಅದನ್ನು 27ರಿಂದ ಭಾಗಿಸಿದರೆ 0.44. ತಿಳಿದವರನ್ನು ತಿಳಿಯದವರಿಂದ ಬೇರೆ ಮಾಡುವ ಒಳ್ಳೆಯ ಪ್ರಶ್ನೆ ಅದು. 0.2ಕ್ಕಿಂತ ಕೆಳಗೆ ಬಂದರೆ ತಿದ್ದಬೇಕು. ಮೈನಸ್ ಬಂದರೆ, ಅಂದರೆ ಚೆನ್ನಾಗಿ ಓದುವವರೇ ತಪ್ಪು ಮಾಡಿ ಉಳಿದವರು ಸರಿ ಮಾಡಿದರೆ, ತಪ್ಪು ಹುಡುಗರದ್ದಲ್ಲ, ನಮ್ಮ ಕೀಯದ್ದು (ಸರಿ ಉತ್ತರದ ಪಟ್ಟಿಯದ್ದು) ಅಂತ ಅನುಮಾನ ಪಡಬೇಕು. ಇಂಥದ್ದೇ ಒಂದು ಲೆಕ್ಕವನ್ನು, ಸ್ವಲ್ಪ ಬೇರೆ ವಿಧಾನದಲ್ಲಿ, ಮೂಡಲ್ ತಾನೇ ಮಾಡಿ ಕೊಡುತ್ತದೆ. ಗೂಗಲ್ ಫಾರ್ಮ್ಸ್ ಬಳಸುವವರು ಎಕ್ಸೆಲ್‌ಗೆ ಇಳಿಸಿಕೊಂಡರೆ ಕಾಲು ಗಂಟೆಯ ಕೆಲಸ.

ನನಗೆ ಇದು ಕಲಿಸಿದ್ದು ಒಬ್ಬಳು ವಿದ್ಯಾರ್ಥಿನಿ. ಗರ್ಭಿಣಿಯ ರಕ್ತದೊತ್ತಡಕ್ಕೆ ಔಷಧ ಯಾವುದು ಅಂತ ಕೇಳಿದ್ದೆ. ಆಯ್ಕೆಯಲ್ಲಿ ಮೆಥಿಲ್‌ಡೋಪ ಇತ್ತು, ಲಬೆಟಲಾಲ್ ಕೂಡ ಇತ್ತು. ನನ್ನ ಕೀಯಲ್ಲಿ ಮೆಥಿಲ್‌ಡೋಪ. ಅವಳು ಬಂದು, ‘ಮೇಡಂ, ಎರಡೂ ಕೊಡುತ್ತಾರೆ ಅಲ್ವಾ? ನಮ್ಮ ವಾರ್ಡಿನಲ್ಲಿ ಲಬೆಟಲಾಲೇ ಕೊಡುವುದು’ ಅಂದಳು. ‘ಪುಸ್ತಕ ಸರಿಯಾಗಿ ಓದು’ ಅಂತ ಕಳಿಸಿಬಿಟ್ಟೆ. ವಾರದ ಮೇಲೆ ಲೆಕ್ಕ ನೋಡಿದರೆ ಆ ಪ್ರಶ್ನೆಗೆ ಮೈನಸ್. ನನ್ನ ತರಗತಿಯ ಒಳ್ಳೊಳ್ಳೆಯವರೆಲ್ಲ ಲಬೆಟಲಾಲ್ ಒತ್ತಿದ್ದರು. ಅವರು ವಾರ್ಡಿಗೆ ಹೋಗಿ ಕಣ್ಣಾರೆ ನೋಡಿ ಬಂದವರು. ತರಗತಿಯಲ್ಲಿ ಎಲ್ಲರ ಮುಂದೆ ಅವಳ ಕ್ಷಮೆ ಕೇಳಿದೆ, ಆ ಪ್ರಶ್ನೆಯನ್ನು ಲೆಕ್ಕದಿಂದ ತೆಗೆದೆ. ಆಮೇಲೆ ಹುಡುಗರು ಪ್ರಶ್ನೆಯ ಬಗ್ಗೆ ತಕರಾರು ತರುವುದು ಜಾಸ್ತಿಯಾಯಿತು. ನನ್ನ ಪ್ರಶ್ನೆಗಳೂ ಸುಧಾರಿಸಿದವು.

ಕಾಪಿಯ ವಿಷಯ. ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಕೂತು ಬರೆಯುವ ಪರೀಕ್ಷೆಯಲ್ಲಿ ಕಾಪಿ ತಡೆಯಲು ಆಗುವುದಿಲ್ಲ. ಈಗಂತೂ ಪ್ರಶ್ನೆಯ ಫೋಟೋ ತೆಗೆದು ಕೇಳಿದರೆ ಎಐ ಉತ್ತರ ಹೇಳುತ್ತದೆ, ವಿವರಣೆ ಸಮೇತ. ಕ್ಯಾಮೆರಾ ಹಚ್ಚಿ ಕಾಯುವ ತಂತ್ರಾಂಶ ಇವೆ. ನನಗೆ ಅವು ಸರಿಬರುವುದಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಹಿಂದೆ ಅಜ್ಜ ಕೆಮ್ಮಿದರೆ, ತಮ್ಮ ಅಡ್ಡ ಬಂದರೆ, ಆ ಹುಡುಗಿಯ ಮೇಲೆ ಅನುಮಾನದ ಗುರುತು ಬೀಳುತ್ತದೆ. ದೊಡ್ಡ ಮನೆಯ ಹುಡುಗನಿಗೆ ಆ ಕಷ್ಟವಿಲ್ಲ. ಹಾಗಾಗಿ ನಾನು ಎರಡನ್ನೂ ಬೇರೆ ಮಾಡಿದ್ದೇನೆ. ವಾರದ ಪರೀಕ್ಷೆಗೆ ಅಂಕವೇ ಇಲ್ಲ, ಕಾವಲೂ ಇಲ್ಲ. ಕಾಪಿ ಮಾಡಿ ಸಿಗುವುದೇನೂ ಇಲ್ಲವಾದಾಗ ಹೆಚ್ಚಿನವರು ಮಾಡುವುದಿಲ್ಲ. ಅಂಕ ಲೆಕ್ಕಕ್ಕೆ ಬರುವ ಪರೀಕ್ಷೆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲೇ ನಡೆಯಲಿ, ತಂಡ ತಂಡವಾಗಿ. ಪ್ರಶ್ನೆಗಳ ಅನುಕ್ರಮ ಒಬ್ಬೊಬ್ಬರಿಗೆ ಒಂದೊಂದು ಇರಲಿ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯ ಮಾಡಿದ ಸೇಫ್ ಎಕ್ಸಾಮ್ ಬ್ರೌಸರ್ ಅಂತ ಇದೆ, ಉಚಿತ. ಅದು ಪರೀಕ್ಷೆ ಮುಗಿಯುವ ತನಕ ಬೇರೆ ಕಿಟಕಿ ತೆರೆಯಲು ಬಿಡುವುದಿಲ್ಲ. ನಮ್ಮ ಲ್ಯಾಬಿನ ವಿಂಡೋಸ್ ಕಂಪ್ಯೂಟರ್‌ಗಳಿಗೆ ಹೊಂದುತ್ತದೆ.

ಕೊಡೆ ಹಿಡಿದು ಕೂತ ಖಾನಾಪುರದ ಹುಡುಗನನ್ನು ಮರೆಯಬೇಡಿ. ‘ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ’ ಅಂತ ವಾರದ ಪರೀಕ್ಷೆ ಇಡಬೇಡಿ. ನಾನು ಶುಕ್ರವಾರ ಸಂಜೆ ತೆರೆದು ಭಾನುವಾರ ರಾತ್ರಿ ಮುಚ್ಚುತ್ತೇನೆ. ಮೂಡಲ್ ಆ್ಯಪ್‌ನಲ್ಲಿ ಪ್ರಶ್ನೆ ಇಳಿಸಿಕೊಂಡು, ನೆಟ್ ಇಲ್ಲದೆ ಉತ್ತರಿಸಿ, ಆಮೇಲೆ ಕಳಿಸುವ ಸೌಲಭ್ಯ ಇದೆ. ಅಧ್ಯಾಪಕರು ಅದನ್ನು ಆನ್ ಮಾಡಿಡಬೇಕು. ವಿಡಿಯೋ ಚಿಕ್ಕದಾಗಿರಲಿ.

ಕೊನೆಯದಾಗಿ, ಇದರಿಂದ ಆಗದ ಕೆಲಸ. ಅಮೆರಿಕದ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯರ ಕಲಿಕೆಯನ್ನು ನಾಲ್ಕು ಮೆಟ್ಟಿಲಿನ ಪಿರಮಿಡ್ ಮಾಡಿ ತೋರಿಸಿದರು: ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸುತ್ತಾನೆ, ದಿನದ ಕೆಲಸದಲ್ಲಿ ಮಾಡುತ್ತಾನೆ. ಆನ್‌ಲೈನ್ ಪರೀಕ್ಷೆ ಕೆಳಗಿನ ಎರಡು ಮೆಟ್ಟಿಲಿಗೆ ಸೈ. ಮೂರನೆಯದಕ್ಕೆ 1975ರಲ್ಲೇ ರೊನಾಲ್ಡ್ ಹಾರ್ಡನ್ ಸ್ಕಾಟ್ಲೆಂಡಿನ ಡಂಡಿಯಲ್ಲಿ ‘ಆಸ್ಕಿ’ ಪರೀಕ್ಷೆ ಶುರು ಮಾಡಿದ್ದರು. ಒಂದೊಂದು ಮೇಜಿನಲ್ಲಿ ಒಂದೊಂದು ಕೆಲಸ, ನೋಡುವವರ ಕೈಯಲ್ಲಿ ಪಟ್ಟಿ. ಅದಕ್ಕೆ ಮೊಬೈಲ್ ಬದಲಿ ಆಗುವುದಿಲ್ಲ.

ಹಾಲು ಜ್ವರದ, ಅಂದರೆ ಕರು ಹಾಕಿದ ಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದುಹೋದ ಎಮ್ಮೆಯನ್ನೇ ತಗೊಳ್ಳಿ. ಕ್ಯಾಲ್ಸಿಯಂ ಯಾಕೆ ನಿಧಾನವಾಗಿ ಬಿಡಬೇಕು ಅಂತ ಮೊಬೈಲ್‌ನಲ್ಲಿ ಕೇಳಬಹುದು. ಬೇಗ ಬಿಟ್ಟರೆ ಹೃದಯದ ಲಯ ತಪ್ಪುತ್ತದೆ ಅಂತ ಹುಡುಗ ಸರಿಯಾಗೇ ಒತ್ತುತ್ತಾನೆ. ಆದರೆ ಕೊಟ್ಟಿಗೆಯಲ್ಲಿ ಒಂದು ಕೈಯಲ್ಲಿ ಬಾಟಲಿ ಹಿಡಿದು, ಇನ್ನೊಂದು ಕೈಯಲ್ಲಿ ಎದೆಗೆ ಸ್ಟೆತಸ್ಕೋಪ್ ಒತ್ತಿ, ಬಡಿತ ಎಡವಿದ ಕೂಡಲೇ ಬಾಟಲಿ ಕೆಳಗಿಳಿಸುತ್ತಾನಾ? ಅದನ್ನು ನೋಡಲು ಅವನ ಪಕ್ಕದಲ್ಲಿ ನಾವೇ ನಿಲ್ಲಬೇಕು. ವಾರದ ಪರೀಕ್ಷೆಯಿಂದ ಉಳಿದ ಹೊತ್ತನ್ನು ನಾನು ಖರ್ಚು ಮಾಡಬೇಕೆನ್ನುವುದು ಅಲ್ಲೇ.

ಇಲ್ಲಿ ಹಿಂದಿನ ಸಾಲಿನಲ್ಲಿ ಕೂತ ಹಿರಿಯರು ಆಗಲೇ ಕೇಳಿದರು, ‘ಇದಕ್ಕೆಲ್ಲ ಟೈಮ್ ಎಲ್ಲಿ ಐತ್ರಿ ಮೇಡಂ?’ ಅಂತ. ನ್ಯಾಯವಾದ ಪ್ರಶ್ನೆ ಸರ್. ನಾನು ವಾರಕ್ಕೆ ಎರಡೇ ಹೊಸ ಪ್ರಶ್ನೆ ಬರೆಯುತ್ತೇನೆ. ಉಳಿದ ಮೂರು ಹಳೆಯವು ಅಥವಾ ಗೆಳೆಯರವು. ನಾವು ಮೂರು ಊರಿನ ಅಧ್ಯಾಪಕರು ಸೇರಿದರೆ ಒಬ್ಬೊಬ್ಬರ ಪಾಲಿಗೆ ವಾರಕ್ಕೆ ಒಂದು ಬಂದೀತು. ಎರಡೂ ಕಾಲೇಜಿಗೆ ಆಗುವ ಪ್ರಶ್ನೆ ಎಷ್ಟೋ ಇವೆ. ಏಳನೇ ತಿಂಗಳಲ್ಲಿ ಕಂದು ಹಾಕಿದ ಆಕಳು ನಿಮ್ಮ ಪ್ರಶ್ನೆ. ಅದರ ಮಾಸು ಬರಿಗೈಯಲ್ಲಿ ತೆಗೆದು, ವಾರಗಟ್ಟಲೆ ಜ್ವರ, ಕೀಲುನೋವು ಅಂತ ಬಂದ ಯುವಕ ನಮ್ಮ ಪ್ರಶ್ನೆ. ಎರಡಕ್ಕೂ ಕಾರಣ ಬ್ರೂಸೆಲ್ಲಾ ಅನ್ನುವ ಒಂದೇ ರೋಗಾಣು. ನಿಮ್ಮ ಹುಡುಗರು ಆ ಯುವಕನನ್ನೂ ನೋಡಲಿ, ನಮ್ಮವರು ಆ ಆಕಳನ್ನೂ ನೋಡಲಿ.

ತಮ್ಮ ಕಳೆದ ವಾರ ಒಂದು ವಿಡಿಯೋ ಕಳಿಸಿದ್ದಾನೆ. ನಲವತ್ತು ಸೆಕೆಂಡಿನದು. ಕರು ಹಾಕಿ ಎರಡು ದಿನವಾದ ಎಮ್ಮೆ, ಕುತ್ತಿಗೆ ಮಡಚಿ ಮೂತಿಯನ್ನು ಪಕ್ಕೆಗೆ ಆನಿಸಿ ಕೂತಿದೆ. ಹಿಂದಿನಿಂದ ಮನೆಯ ಹೆಣ್ಣುಮಗಳು, ‘ಕಿವಿ ತಣ್ಣಗ ಆಗ್ಯಾವ ನೋಡಣ್ಣಾ’ ಅನ್ನುವುದು ಕೇಳಿಸುತ್ತದೆ. ಅವಳ ಒಪ್ಪಿಗೆ ಇದೆ, ಮುಖ ಕಾಣುವುದಿಲ್ಲ. ಈ ಶುಕ್ರವಾರ ನನ್ನ ಮೊದಲ ಪ್ರಶ್ನೆ ಅದೇ. ಪೆನ್‌ಡ್ರೈವ್ ತಂದಿದ್ದೇನೆ, ಬೇಕಾದವರು ಚಹಾದ ಹೊತ್ತಿಗೆ ಕಾಪಿ ಮಾಡಿಕೊಳ್ಳಿ.